ಬೇಕಾದಷ್ಟು ಇರುವಾಗ ಮಿತ ಯಾಕೆ?

*ಇಂದಿನ ಚಿಂತನೆ*

ಇಂದು ಬರೆಯುವ ಸರದಿ ನನ್ನದು. ಸ್ವಲ್ಪ ಉದ್ದವಾಗಿದೆ, ಕಾಫಿ ಕುಡಿಯುತ್ತಾ ನಿಧಾನವಾಗಿ ಓದಿ.

ಕಳೆದ ಭಾನುವಾರದ ಅಧ್ಯಯನದಲ್ಲಿ ಊಟದಲ್ಲಿ ಮಿತ ಅರಿಯುವ ಮಾತು ಬಂತು. ಪಾಳಿಯಲ್ಲಿ ಅದಕ್ಕೆ ‘ಮತ್ತಞ್ಞುತಾ’ ಎನ್ನುತ್ತಾರೆ. ಎಷ್ಟು ಬೇಕು ಎಂಬ ಅಳತೆ ಗೊತ್ತಿರುವುದು. ಆಗ ಗುಂಪಿನ ಕಿರಿಯರೊಬ್ಬರು ಕೇಳಿದರು: “ಕೊರತೆ ಇದ್ದಾಗ ಮಿತ ಸರಿ. ಬೇಕಾದಷ್ಟು ಇರುವಾಗ, ಅದೂ ಅಗ್ಗವಾಗಿ ಸಿಗುವಾಗ, ಮಿತ ಯಾಕೆ?” ಯಾರಿಗೂ ಥಟ್ಟನೆ ಉತ್ತರ ಹೊಳೆಯಲಿಲ್ಲ. ನಗುತ್ತಾ ಮುಂದಕ್ಕೆ ಹೋದೆವು.

ನನಗೆ ಮಾತ್ರ ನಗು ಬರಲಿಲ್ಲ. ಹೆಚ್ಚುಕಡಿಮೆ ಇದೇ ಮಾತನ್ನು ನಾಲ್ಕು ವರ್ಷದ ಹಿಂದೆ ನಮ್ಮ ಆಫೀಸಿನ ಒಂದು ಮೀಟಿಂಗಿನಲ್ಲಿ ಕೇಳಿದ್ದೆ. ಅವತ್ತು ನಾನು ಸುಮ್ಮನಿದ್ದೆ. ಆ ಮೌನದ ಕಥೆಯನ್ನೇ ಇಂದು ನಿಮ್ಮ ಮುಂದೆ ಇಡುತ್ತಿದ್ದೇನೆ. ಕಿರಿಯರ ಪ್ರಶ್ನೆಗೆ ನನ್ನ ಉತ್ತರವೂ ಅದರಲ್ಲೇ ಇದೆ.

*ನನ್ನ ಕಸುಬು*

ಯಂತ್ರಗಳ ಹೊಟ್ಟೆಯೊಳಗೆ ಕೂತಿರುವ ಪುಟ್ಟ ಕಂಪ್ಯೂಟರುಗಳಿಗೆ ಪ್ರೋಗ್ರಾಂ ಬರೆಯುವುದು ನನ್ನ ಕೆಲಸ. ವಾಷಿಂಗ್ ಮಷೀನು, ಕರೆಂಟ್ ಮೀಟರು, ಲಿಫ್ಟು, ಬೋರ್‌ವೆಲ್ ಸ್ಟಾರ್ಟರು, ಇವುಗಳಲ್ಲೆಲ್ಲ ಇಂಥದೊಂದು ಚಿಪ್ಪು ಇರುತ್ತದೆ. ಎಂಬೆಡೆಡ್ ಸಿಸ್ಟಂ ಅನ್ನುವುದು ಇದಕ್ಕೇ. ಅದು ಇದೆ ಎಂಬುದೇ ಬಳಸುವವರಿಗೆ ಗೊತ್ತಿರುವುದಿಲ್ಲ. ಗೊತ್ತಾಗುವುದು ಕೆಟ್ಟಾಗ.

ಕಾಲೇಜಿನಲ್ಲಿ ನಾವು ಕಲಿತದ್ದು 8051 ಎಂಬ ಚಿಪ್ಪಿನ ಮೇಲೆ. ಇಂಟೆಲ್ ಕಂಪನಿ 1980ರಲ್ಲಿ ತಂದದ್ದು. ಪ್ರೋಗ್ರಾಂ ಇಡಲು ಅದರಲ್ಲಿ 4 ಕಿಲೋಬೈಟ್ ಜಾಗ, ಕೆಲಸ ಮಾಡುವಾಗ ಲೆಕ್ಕ ಬರೆದುಕೊಳ್ಳಲು 128 ಬೈಟ್. ನೀವು ಈಗ ಓದುತ್ತಿರುವ ಈ ಒಂದು ವಾಕ್ಯ ಕೂಡ ಆ 128 ಬೈಟಿನಲ್ಲಿ ಪೂರ್ತಿಯಾಗಿ ಹಿಡಿಸುವುದಿಲ್ಲ. ಆದರೂ ಲೋಕದ ಎಷ್ಟೋ ಯಂತ್ರಗಳು ಅಷ್ಟರಲ್ಲೇ ನಡೆದವು.

ನನ್ನ ಮೊದಲ ಕೆಲಸದಲ್ಲಿ ಹಿರಿಯರೊಬ್ಬರಿದ್ದರು. ನಾನು ಬರೆದದ್ದನ್ನು ತೋರಿಸಿದರೆ ಅವರು ಮೊದಲು ಕೇಳುತ್ತಿದ್ದದ್ದು “ಕೆಲಸ ಮಾಡುತ್ತಾ?” ಅಂತಲ್ಲ. “ಇದರಲ್ಲಿ ಏನೇನು ತೆಗೀಬಹುದಪ್ಪಾ?” ಅಂತ. ಆಗ ಅದು ಜುಗ್ಗತನ ಅನಿಸುತ್ತಿತ್ತು.

ಇವತ್ತು ಇಎಸ್‌ಪಿ32 ಎಂಬ ಚಿಪ್ಪಿನ ಬೋರ್ಡು ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಅದರೊಳಗಿನ ಕೆಲಸದ ಜಾಗ 520 ಕಿಲೋಬೈಟ್. 8051ರ ನಾಲ್ಕು ಸಾವಿರ ಪಟ್ಟಿಗಿಂತ ಹೆಚ್ಚು. ಚಿಪ್ಪಿನೊಳಗಿನ ಭಾಗಗಳು ವರ್ಷಕ್ಕೊಮ್ಮೆ ಇಮ್ಮಡಿಯಾಗುತ್ತವೆ ಎಂದು ಗಾರ್ಡನ್ ಮೂರ್ 1965ರಲ್ಲಿ ಅಂದಾಜಿಸಿದ್ದರು. 1975ರಲ್ಲಿ ಅದನ್ನು ಎರಡು ವರ್ಷಕ್ಕೊಮ್ಮೆ ಎಂದು ತಿದ್ದಿದರು. ದಶಕಗಟ್ಟಲೆ ಹಾಗೇ ನಡೆಯಿತು.

ಹಾಗಾದರೆ ನಮ್ಮ ಯಂತ್ರಗಳು ನಾಲ್ಕು ಸಾವಿರ ಪಟ್ಟು ಚುರುಕಾದವೇ? ಇಲ್ಲ. ಮನೆಯ ಟಿವಿ ಆನ್ ಆಗಲು ಈಗ ಹಿಂದಿಗಿಂತ ಹೆಚ್ಚು ಹೊತ್ತು ಕಾಯುತ್ತೇವೆ. ಪಾಸ್ಕಲ್ ಭಾಷೆಯನ್ನು ರೂಪಿಸಿದ ಸ್ವಿಟ್ಜರ್ಲೆಂಡಿನ ನಿಕ್ಲಾಸ್ ವಿರ್ತ್ 1995ರಲ್ಲೇ ಈ ಬಗ್ಗೆ ಒಂದು ಲೇಖನ ಬರೆದರು. ಯಂತ್ರ ವೇಗವಾಗುವುದಕ್ಕಿಂತ ಬೇಗ ಪ್ರೋಗ್ರಾಂ ನಿಧಾನವಾಗುತ್ತಿದೆ ಎಂಬುದು ಅದರ ಸಾರ. ಈ ಮಾತು ತಮ್ಮದಲ್ಲ, ಮಾರ್ಟಿನ್ ರೈಸರ್ ಅವರದ್ದು ಎಂದು ಅವರೇ ಹೇಳಿದ್ದರೂ ಲೋಕ ಅದನ್ನು ‘ವಿರ್ತ್ ನಿಯಮ’ ಎಂದೇ ಕರೆಯುತ್ತದೆ. ಅವರು ಕೊಟ್ಟ ಕಾರಣಗಳಲ್ಲಿ ಒಂದು ನಮ್ಮ ಗುಂಪಿನಲ್ಲಿ ಯಾರಾದರೂ ಹೇಳಬಹುದಾದದ್ದೇ: ಬೇಕೇ ಬೇಕಾದದ್ದು ಯಾವುದು, ಇದ್ದರೆ ಚೆನ್ನ ಅನಿಸುವುದು ಯಾವುದು ಎಂಬ ವ್ಯತ್ಯಾಸ ಮರೆತುಹೋಗಿರುವುದು.

ಮನೆಯ ಅಟ್ಟವನ್ನು ನೆನೆಸಿಕೊಳ್ಳಿ. ಅಟ್ಟ ದೊಡ್ಡದಾದಷ್ಟೂ ಖಾಲಿ ಜಾಗ ಹೆಚ್ಚಾಗುವುದಿಲ್ಲ, ಹಳೇ ಸಾಮಾನು ಹೆಚ್ಚಾಗುತ್ತದೆ.

*ಮಾವನ ಡಬ್ಬಿ*

ನನ್ನ ಸೋದರಮಾವನ ತೆಂಗಿನ ತೋಟ ಅರಸೀಕೆರೆ ಕಡೆ ಇದೆ. ಬೋರ್‌ವೆಲ್ ಮನೆಯಿಂದ ಅರ್ಧ ಮೈಲಿ ದೂರ. ತ್ರೀ ಫೇಸ್ ಕರೆಂಟು ಎಷ್ಟೋ ಸಲ ಬರುವುದು ನಡುರಾತ್ರಿ. ಬ್ಯಾಟರಿ ಹಿಡಿದು, ಬದುವಿನ ಮೇಲೆ ನಡೆದು, ಮೋಟರ್ ಹಾಕಿ ಬರಬೇಕು. ದಾರಿಯಲ್ಲಿ ಹಾವು, ಕೆಸರು, ಮಳೆ, ಏನಾದರೂ ಇರಬಹುದು.

ಫೋನಿನಿಂದಲೇ ಮೋಟರ್ ಹಾಕಿ ಆರಿಸುವ ಒಂದು ಡಬ್ಬಿಯನ್ನು ನಾನಿದ್ದ ಕಂಪನಿ ಮಾಡುತ್ತಿತ್ತು. ಒಳಗೆ 64 ಕಿಲೋಬೈಟಿನ ಚಿಪ್ಪು. ಒಂದು ಫೇಸ್ ಹೋದರೆ ಮೋಟರ್ ನಿಲ್ಲಿಸುತ್ತಿತ್ತು, ಬೋರಿನಲ್ಲಿ ನೀರಿಲ್ಲದಿದ್ದರೂ ನಿಲ್ಲಿಸುತ್ತಿತ್ತು. ಮಾವನಿಗೆ ನಾನೇ ಹೇಳಿ ಹಾಕಿಸಿದೆ. “ನಮ್ಮ ಹುಡುಗ ಮಾಡಿದ್ದು” ಎಂದು ಊರಿಗೆಲ್ಲ ತೋರಿಸಿದರು. ಅವರ ಮಾತು ಕೇಳಿ ಇನ್ನೂ ಏಳೆಂಟು ಜನ ಹಾಕಿಸಿಕೊಂಡರು.

ಐದು ವರ್ಷ ಚೆನ್ನಾಗಿ ನಡೆಯಿತು. ಆಮೇಲೆ ಕಂಪನಿ ಹೊಸ ಸರ್ವರಿಗೆ ಹೋಗಲು ನಿರ್ಧರಿಸಿತು. ಡಬ್ಬಿಗಳೆಲ್ಲ ಆ ಸರ್ವರಿನೊಂದಿಗೆ ಗುಪ್ತಲಿಪಿಯ ಹೊಸ ರೀತಿಯಲ್ಲಿ ಮಾತಾಡಬೇಕು. ಹೊಸ ಮಾದರಿಗೆಂದು ನಾವು ಬರೆದ ಪ್ರೋಗ್ರಾಂ ಆಗಲೇ 118 ಕಿಲೋಬೈಟ್ ಆಗಿತ್ತು. ಮೀಟಿಂಗಿನಲ್ಲಿ ಮೇಲಿನವರು ನನ್ನನ್ನು ಕೇಳಿದರು: “ಹಳೇ ಡಬ್ಬಿಗೆ ಇದು ಹಿಡಿಸುತ್ತಾ?”

ನಾನು ಹೇಳಿದೆ: “ಹಿಡಿಸಲ್ಲ ಸರ್.”

“ಕಡಿಮೆ ಮಾಡೋಕಾಗುತ್ತಾ?” ಎಂದು ಅವರು ಕೇಳುವಷ್ಟರಲ್ಲಿ ಇನ್ನೊಬ್ಬರು ಬಾಯಿ ಹಾಕಿದರು. “ಮೆಮೊರಿ ಇಷ್ಟು ಅಗ್ಗ ಆಗಿರೋವಾಗ ಇಂಜಿನಿಯರ್ ಟೈಂ ಯಾಕೆ ಸುಡೋದು? ಹೊಸ ಡಬ್ಬಿ ಕೊಂಡ್ಕೋತಾರೆ ಬಿಡಿ.” ಎಲ್ಲರೂ ನನ್ನ ಮುಖ ನೋಡಿದರು. ನಾನು ಸುಮ್ಮನಿದ್ದೆ. ಮೂರು ತಿಂಗಳ ನಂತರ ಹಳೇ ಸರ್ವರ್ ನಿಂತಿತು. ಸುಮಾರು ನಾಲ್ಕು ಸಾವಿರ ಡಬ್ಬಿಗಳು ಒಂದೇ ದಿನ ಮೂಕವಾದವು.

ಮಾವ ಫೋನ್ ಮಾಡಿದರು. “ಏನಪ್ಪಾ, ನಿನ್ನ ಡಬ್ಬಿ ಮಾತೇ ಆಡ್ತಿಲ್ವಲ್ಲ. ಲೈಟೇನೋ ಮಿಣುಕ್ತಾ ಐತೆ.”

“ಅದು ಹಳೇದಾಯ್ತು ಮಾವ. ಹೊಸದು ಹಾಕಿಸ್ಬೇಕು.”

“ಹಳೇದು ಅಂದ್ರೆ? ಕೆಟ್ಟಿಲ್ವಲ್ಲೋ ಅದು?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಅದು ನಿಜಕ್ಕೂ ಕೆಟ್ಟಿರಲಿಲ್ಲ. ಅದರ ಒಂದು ತಂತಿಯೂ ಸವೆದಿರಲಿಲ್ಲ.

ಕೊಬ್ಬರಿ ದುಡ್ಡು ಕೈಗೆ ಬರುವವರೆಗೆ ಮಾವ ಹೊಸದು ಕೊಳ್ಳಲಿಲ್ಲ. ನನ್ನ ಹತ್ತಿರ ಕೇಳಲೂ ಇಲ್ಲ. ಎರಡು ತಿಂಗಳು ಮತ್ತೆ ರಾತ್ರಿ ಬ್ಯಾಟರಿ ಹಿಡಿದು ನಡೆದರು. ಅವರಿಗಾಗ ಅರವತ್ತೆಂಟು. ಒಂದು ರಾತ್ರಿ ಬದುವಿನಿಂದ ಜಾರಿ ಬಿದ್ದು ಮೊಣಕೈ ಊದಿಸಿಕೊಂಡರಂತೆ. ಇದನ್ನು ಅವರು ನನಗೆ ಹೇಳಲಿಲ್ಲ. ಅತ್ತೆ, ಬೇರೆ ಏನೋ ಮಾತಾಡುವಾಗ, “ನೀವು ಅವರಿಗೆ ಹೇಳಿದ್ದು ಅಂತ ಹೇಳ್ಬೇಡಿ” ಎಂದು ನನ್ನ ಹೆಂಡತಿಗೆ ಹೇಳಿದ್ದು.

*ಆ ರಾತ್ರಿ ನಾನು ನೋಡಿದ್ದು*

ವಿಷಯ ಗೊತ್ತಾದ ರಾತ್ರಿ ನಿದ್ದೆ ಬರಲಿಲ್ಲ. ಲ್ಯಾಪ್‌ಟಾಪ್ ತೆಗೆದು ಕೂತೆ. ಪ್ರೋಗ್ರಾಂ ಕಟ್ಟುವಾಗ ‘ಮ್ಯಾಪ್ ಫೈಲ್’ ಎಂಬ ಒಂದು ಪಟ್ಟಿ ತಾನಾಗಿ ತಯಾರಾಗುತ್ತದೆ. ಯಾವ ಭಾಗ ಎಷ್ಟು ಜಾಗ ತಿಂದಿದೆ ಎಂಬುದು ಅದರಲ್ಲಿರುತ್ತದೆ. ದಿನಸಿ ಅಂಗಡಿಯ ಬಿಲ್ಲಿನ ಹಾಗೆ. ವರ್ಷಗಳಿಂದ ನಾನು ಅದನ್ನು ತೆರೆದೇ ಇರಲಿಲ್ಲ.

ಗುಪ್ತಲಿಪಿಯ ಭಾಗ ದೊಡ್ಡದಿತ್ತು. ಅದು ಬೇಕಾದದ್ದೇ. ಆದರೆ ಅದರಲ್ಲೂ ನಮ್ಮ ಸರ್ವರ್ ಎಂದೂ ಬಳಸದ ಹತ್ತಾರು ವಿಧಾನಗಳು ಸೇರಿಕೊಂಡಿದ್ದವು. ವೋಲ್ಟೇಜನ್ನು 415 ಎನ್ನುವ ಬದಲು 415.2 ಎಂದು ದಶಾಂಶದಲ್ಲಿ ತೋರಿಸಲು ತಂದ ಭಾಗವೇ ಹತ್ತು ಕಿಲೋಬೈಟಿಗಿಂತ ಹೆಚ್ಚು ತಿಂದಿತ್ತು. ಮಾವನಿಗೆ ಆ ‘.2’ ಯಾವತ್ತೂ ಬೇಕಿರಲಿಲ್ಲ. ಲೋಕದ ಎಲ್ಲ ದೇಶಗಳ ಗಡಿಯಾರದ ಲೆಕ್ಕ ಒಂದು ಕಡೆ ಕೂತಿತ್ತು. ಅರಸೀಕೆರೆಗೆ ಇರುವುದು ಒಂದೇ ಸಮಯ. ಹಳೇ ಡಬ್ಬಿಯಲ್ಲಿ ಇಲ್ಲವೇ ಇಲ್ಲದ ಬಣ್ಣದ ಪರದೆಯನ್ನು ನಡೆಸುವ ಭಾಗ, ಯಾರೂ ಓದದ ಇಂಗ್ಲಿಷ್ ಸಂದೇಶಗಳು, ಒಂದು ಸಣ್ಣ ಕೆಲಸಕ್ಕೆಂದು ಇಡಿಯಾಗಿ ಎಳೆದುಕೊಂಡು ಬಂದ ದೊಡ್ಡ ಲೈಬ್ರರಿ, ಎಲ್ಲವೂ ಇದ್ದವು.

ಇದ್ಯಾವುದನ್ನೂ ಯಾರೂ ಕೆಟ್ಟ ಮನಸ್ಸಿನಿಂದ ಹಾಕಿದ್ದಲ್ಲ. ಒಂದೊಂದೂ ಸೇರಿದ ದಿನ ಸಣ್ಣದಾಗೇ ಕಂಡಿತ್ತು. ಅರ್ಧಕ್ಕರ್ಧ ಹಾಕಿದವನು ನಾನೇ.

ನಾಲ್ಕು ಭಾನುವಾರ ಕೂತೆ. ಒಂದೊಂದಾಗಿ ತೆಗೆದೆ. 118 ಕಿಲೋಬೈಟ್ 59ಕ್ಕೆ ಇಳಿಯಿತು. ಹಳೇ ಡಬ್ಬಿಗೆ ಹಿಡಿಸಿತು. ಕೆಲಸವನ್ನೂ ಮಾಡಿತು.

ಬಂಧುಗಳೇ, ಆ ಹೊತ್ತಿನಲ್ಲಿ ನನಗೆ ಖುಷಿಯಾಗಲಿಲ್ಲ. “ಹಿಡಿಸಲ್ಲ ಸರ್” ಎಂದು ನಾನು ಹೇಳಿದ್ದು ಸುಳ್ಳಾಗಿತ್ತು. ಗೊತ್ತಿದ್ದು ಹೇಳಿದ ಸುಳ್ಳಲ್ಲ, ನೋಡದೇ ಹೇಳಿದ್ದು. ನೋಡಬೇಕು ಅಂತಲೂ ನನಗೆ ಅನಿಸಿರಲಿಲ್ಲ. ಬೇಕಾದಷ್ಟು ಇರುವುದು ನಮಗೆ ಮಾಡುವ ಮೊದಲ ಕೇಡು ಇದೇ ಇರಬೇಕು. ಅದು ನಮ್ಮನ್ನು ಕೆಟ್ಟವರನ್ನಾಗಿ ಮಾಡುವುದಿಲ್ಲ, ನೋಡದವರನ್ನಾಗಿ ಮಾಡುತ್ತದೆ. ಆ ಹೊತ್ತಿಗೆ ಹಳೇ ಸರ್ವರ್ ಮುಚ್ಚಿಯಾಗಿತ್ತು. ಆ ನಾಲ್ಕು ಸಾವಿರ ಡಬ್ಬಿಗಳಿಗೆ ಹೊಸ ಪ್ರೋಗ್ರಾಂ ತಲುಪಿಸುವ ದಾರಿಯೇ ಇರಲಿಲ್ಲ, ಒಂದೊಂದರ ಹತ್ತಿರ ಹೋಗಿ ಕೈಯಾರೆ ಹಾಕಿದರೆ ಮಾತ್ರ.

*ಇನ್ನೊಂದು ಮಗ್ಗುಲು*

ಹಾಗಂತ ಹಿಂದಿನದೆಲ್ಲ ಒಳ್ಳೆಯದು, ಬೆಳೆದದ್ದೆಲ್ಲ ಕೆಟ್ಟದ್ದು ಎಂದು ಹೇಳುತ್ತಿಲ್ಲ. ಹಾಗೆ ಹೇಳಿದರೆ ಅದೂ ನೋಡದೇ ಹೇಳಿದ ಮಾತೇ ಆಗುತ್ತದೆ.

ಗುಪ್ತಲಿಪಿ ಇಲ್ಲದಿದ್ದರೆ ಯಾರೋ ದೂರದಿಂದ ಮಾವನ ಮೋಟರನ್ನು ಹಾಕಿ ಆರಿಸಬಹುದಿತ್ತು. ಆ ಜಾಗ ದಂಡವಲ್ಲ. ಇಂಜಿನಿಯರನ ಸಮಯಕ್ಕೂ ಬೆಲೆಯಿದೆ. ನಾಲ್ಕು ಭಾನುವಾರ ನಾನು ಮಕ್ಕಳ ಜೊತೆ ಇರಲಿಲ್ಲ ಎಂಬುದೂ ನಿಜ.

ಇನ್ನೊಂದು ಉದಾಹರಣೆ ನನಗೆ ಬಹಳ ಮುಖ್ಯ. ಹಳೇ ಯಂತ್ರಗಳಲ್ಲಿ ಒಂದು ಸಾಲಿಗೆ 16 ಅಕ್ಷರ, ಎರಡು ಸಾಲು ತೋರಿಸುವ ಪುಟ್ಟ ಪರದೆ ಇರುತ್ತಿತ್ತು. ಅದರಲ್ಲಿ ಇಂಗ್ಲಿಷ್ ಅಕ್ಷರಗಳು ಮೊದಲೇ ಕೂತಿರುತ್ತವೆ. ನಾವೇ ರೂಪಿಸಿಕೊಳ್ಳಲು ಎಂಟೇ ಎಂಟು ಅಕ್ಷರಕ್ಕೆ ಜಾಗ. ಇಂಗ್ಲಿಷ್ ಬರೆಯಲು ನೂರರೊಳಗಿನ ಚಿಹ್ನೆಗಳು ಸಾಕು. ಕನ್ನಡಕ್ಕೆ ಕಾಗುಣಿತ, ಒತ್ತಕ್ಷರ ಎಲ್ಲ ಸೇರಿ ನೂರಾರು ಆಕಾರ ಬೇಕು. ಎಂಟರಲ್ಲಿ ನಮ್ಮ ವರ್ಣಮಾಲೆಯ ಸ್ವರಗಳೂ ಮುಗಿಯುವುದಿಲ್ಲ. ಹಾಗಾಗಿ ಹಳೇ ಡಬ್ಬಿ ‘ಡ್ರೈ ರನ್’ ಎಂದು ಇಂಗ್ಲಿಷಿನಲ್ಲಿ ತೋರಿಸುತ್ತಿತ್ತು, ಮಾವ ಮೊಮ್ಮಗಳನ್ನು ಕರೆದು ಓದಿಸುತ್ತಿದ್ದರು. ಹೊಸ ಡಬ್ಬಿ ‘ಬೋರಿನಲ್ಲಿ ನೀರಿಲ್ಲ’ ಎಂದು ಕನ್ನಡದಲ್ಲೇ ಹೇಳುತ್ತದೆ. ಅದಕ್ಕೆ ಹತ್ತಾರು ಕಿಲೋಬೈಟ್ ಹೋಗುತ್ತದೆ. ಹೋಗಲಿ. ಅದು ಮಾವನಿಗಾಗಿ ಹೋದ ಜಾಗ.

ಹಾಗಾದರೆ ಮಿತ ಎಂದರೆ ‘ಕಡಿಮೆ’ ಎಂದಲ್ಲ. ಭಿಕ್ಷಾಪಾತ್ರೆಯನ್ನು ಖಾಲಿ ಇಟ್ಟುಕೊಳ್ಳಿ ಎಂದು ಯಾರೂ ಹೇಳಿಲ್ಲ. ಏತಕ್ಕಾಗಿ ಉಣ್ಣುತ್ತಿದ್ದೇನೆ ಎಂಬುದು ಗೊತ್ತಿರಲಿ ಎಂದಷ್ಟೇ. ಗಡಿಯಾರದ ಲೆಕ್ಕಗಳೂ ಕನ್ನಡ ಅಕ್ಷರಗಳೂ ಹೆಚ್ಚುಕಡಿಮೆ ಅಷ್ಟೇ ಜಾಗ ತಿಂದವು. ಒಂದು ನನ್ನ ಸೋಮಾರಿತನಕ್ಕೆ, ಇನ್ನೊಂದು ಮಾವನ ಕಣ್ಣಿಗೆ.

*ಬಿಲ್ಲು ಯಾರ ಮನೆಗೆ ಹೋಗುತ್ತದೆ?*

ಈಗ ಕಿರಿಯರ ಪ್ರಶ್ನೆಗೆ ಬರುತ್ತೇನೆ. ಬೇಕಾದಷ್ಟು ಇರುವಾಗ ಮಿತ ಯಾಕೆ?

ಏಕೆಂದರೆ ‘ಬೇಕಾದಷ್ಟು’ ಇರುವುದು ನನ್ನ ಮೇಜಿನ ಮೇಲೆ. ಬಿಲ್ಲು ಹೋಗುವುದು ಇನ್ನೊಬ್ಬರ ಮನೆಗೆ. ಮೀಟಿಂಗಿನಲ್ಲಿ ಉಳಿದದ್ದು ನಮ್ಮ ಎರಡು ತಿಂಗಳ ಸಮಯ. ತೆತ್ತದ್ದು ಮಾವನ ಕೊಬ್ಬರಿ ದುಡ್ಡು, ಅವರ ಎರಡು ತಿಂಗಳ ನಿದ್ದೆ, ಒಂದು ಮೊಣಕೈ. ನಮ್ಮ ಲೆಕ್ಕದ ಹಾಳೆಯಲ್ಲಿ ಇದಕ್ಕೆ ಕಾಲಂ ಇರಲಿಲ್ಲ. ಇನ್ನೊಬ್ಬರ ಗಂಟಿನಿಂದ ಧಾರಾಳವಾಗಿರುವುದು ಧಾರಾಳತನವಲ್ಲ.

ತೆಗೆಯದೇ ಉಳಿಸಿಕೊಂಡದ್ದಕ್ಕೆ ದೊಡ್ಡ ಬೆಲೆ ತೆತ್ತ ಒಂದು ಘಟನೆ ನಮ್ಮ ಕಸುಬಿನವರಿಗೆಲ್ಲ ಗೊತ್ತು. 1996ರ ಜೂನ್ 4ರಂದು ಯುರೋಪಿನ ಏರಿಯಾನ್-5 ರಾಕೆಟ್ ಮೊದಲ ಸಲ ಹಾರಿತು, ಒಂದು ನಿಮಿಷ ತುಂಬುವ ಮೊದಲೇ ಆಕಾಶದಲ್ಲಿ ಛಿದ್ರವಾಯಿತು. ಅದರಲ್ಲಿ ಜನ ಇರಲಿಲ್ಲ, ಪುಣ್ಯ. ಕಾರಣ ಹುಡುಕಿದಾಗ ಸಿಕ್ಕಿದ್ದು ಹಿಂದಿನ ಏರಿಯಾನ್-4ರಿಂದ ಹಾಗೇ ಎತ್ತಿಕೊಂಡು ಬಂದ ಒಂದು ಪ್ರೋಗ್ರಾಂ ಭಾಗ. ಹೊಸ ರಾಕೆಟ್ ನೆಲ ಬಿಟ್ಟ ಮೇಲೆ ಆ ಭಾಗಕ್ಕೆ ಕೆಲಸವೇ ಇರಲಿಲ್ಲ. ಆದರೂ ಓಡುತ್ತಿತ್ತು. ಹೊಸ ರಾಕೆಟ್ಟಿನ ವೇಗದಿಂದ ಬಂದ ದೊಡ್ಡ ಸಂಖ್ಯೆ ಅದರ 16 ಬಿಟ್ಟಿನ ಪುಟ್ಟ ಪಾತ್ರೆಯಲ್ಲಿ ಹಿಡಿಸಲಿಲ್ಲ. ಅಲ್ಲಿಂದ ಎಲ್ಲವೂ ಕುಸಿಯಿತು. ‘ಇರಲಿ ಬಿಡು, ಏನು ತೊಂದರೆ’ ಎಂದು ಉಳಿದದ್ದೂ ತೊಂದರೆ ಕೊಡಬಹುದು.

ದಿನನಿತ್ಯದ ಬೆಲೆ ಇನ್ನೂ ದೊಡ್ಡದು, ಸದ್ದಿಲ್ಲದ್ದು. ವಿಶ್ವಸಂಸ್ಥೆಯ ಅಂಗಸಂಸ್ಥೆಗಳ ವರದಿಯ ಪ್ರಕಾರ 2022ರಲ್ಲಿ ಲೋಕದಲ್ಲಿ ಎಲೆಕ್ಟ್ರಾನಿಕ್ ಕಸ 6.2 ಕೋಟಿ ಟನ್ ಆಯಿತು. ಸರಿಯಾದ ರೀತಿಯಲ್ಲಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದು ಅದರ ಕಾಲು ಭಾಗಕ್ಕಿಂತ ಕಡಿಮೆ. ಅದರಲ್ಲಿ ನಿಜವಾಗಿ ಕೆಟ್ಟದ್ದೂ ಬಹಳ ಇರುತ್ತದೆ. ಆದರೆ ಮಾವನ ಡಬ್ಬಿಯ ಹಾಗೆ, ಕೆಡದೇ ಕಸವಾದದ್ದೂ ಇರುತ್ತದೆ. ಆ ಬೋರ್ಡುಗಳನ್ನು ಬರಿಗೈಯಲ್ಲಿ ಒಡೆದು, ಸುಟ್ಟು, ತಾಮ್ರ ತೆಗೆಯುವವರ ಮುಖ ನಾವ್ಯಾರೂ ನೋಡುವುದಿಲ್ಲ.

ಮಿತದ ಫಲವನ್ನೂ ಹೇಳಬೇಕು. 1977ರಲ್ಲಿ ಹಾರಿದ ವಾಯೇಜರ್-1 ನೌಕೆಯ ಕಂಪ್ಯೂಟರುಗಳ ಜಾಗವೆಲ್ಲ ಸೇರಿಸಿದರೆ ಸುಮಾರು 70 ಕಿಲೋಬೈಟ್. 2023ರ ನವೆಂಬರಿನಲ್ಲಿ ಅದು ಅರ್ಥವಾಗದ ಸಂಕೇತ ಕಳಿಸತೊಡಗಿತು. ಮೆಮೊರಿಯ ಒಂದು ಚಿಪ್ಪು ಕೆಟ್ಟಿತ್ತು. ಅಲ್ಲಿದ್ದ ಪ್ರೋಗ್ರಾಮನ್ನು ಒಂದೇ ಕಡೆ ಇಡುವಷ್ಟು ಖಾಲಿ ಜಾಗ ಬೇರೆಲ್ಲೂ ಇರಲಿಲ್ಲ. ಇಂಜಿನಿಯರುಗಳು ಅದನ್ನು ತುಂಡು ಮಾಡಿ ಬೇರೆ ಬೇರೆ ಮೂಲೆಯಲ್ಲಿ ಇಡಿಸಿದರು. ಆಗ ಸಂಕೇತ ಒಂದು ಕಡೆಗೆ ತಲುಪಲೇ ಇಪ್ಪತ್ತೆರಡೂವರೆ ಗಂಟೆ ಬೇಕಿತ್ತು. 2024ರ ಏಪ್ರಿಲಿನಲ್ಲಿ ನೌಕೆ ಮತ್ತೆ ಅರ್ಥವಾಗುವಂತೆ ಮಾತಾಡಿತು. ಪ್ರೋಗ್ರಾಂ ಅಷ್ಟು ಚಿಕ್ಕದಾಗಿದ್ದಕ್ಕೇ, ಪ್ರತಿ ಭಾಗ ಎಲ್ಲಿದೆ, ಏಕಿದೆ ಎಂದು ಮನುಷ್ಯರು ಕೂತು ತಿಳಿಯಲು ಸಾಧ್ಯವಾಯಿತು ಎಂದು ನನಗನಿಸುತ್ತದೆ. ನಾವು ತಿಳಿದದ್ದನ್ನು ಮಾತ್ರ ನಾವು ಕಾಪಾಡಬಲ್ಲೆವು.

*ಐನೂರು ಚೀವರ*

ವಿನಯಪಿಟಕದ ಒಂದು ಪ್ರಸಂಗ ನಿಮ್ಮಲ್ಲಿ ಹಲವರಿಗೆ ಗೊತ್ತಿದೆ. ಉದೇನ ರಾಜನ ಅಂತಃಪುರದವರು ಆನಂದರಿಗೆ ಐನೂರು ಚೀವರ ಕೊಟ್ಟರು. ರಾಜನಿಗೆ ಕಸಿವಿಸಿ. ಒಬ್ಬ ಭಿಕ್ಷುವಿಗೆ ಇಷ್ಟೊಂದು ಬಟ್ಟೆ ಏಕೆ, ಅಂಗಡಿ ಇಡುತ್ತಾರೆಯೇ ಎಂದು ಹೋಗಿ ಕೇಳಿದ. ಹರಿದ ಚೀವರ ಉಟ್ಟ ಭಿಕ್ಷುಗಳಿಗೆ ಹಂಚುತ್ತೇವೆ ಎಂದರು ಆನಂದರು. ಹಾಗಾದರೆ ಹಳೆಯವನ್ನು? ಹಾಸಿಗೆಯ ಮೇಲುಹೊದಿಕೆ ಮಾಡುತ್ತೇವೆ. ಹಳೇ ಮೇಲುಹೊದಿಕೆ? ಅದು ಇನ್ನೊಂದಕ್ಕೆ, ಅದು ಹಳೆಯದಾದರೆ ಮತ್ತೊಂದಕ್ಕೆ. ಕೊನೆಗೆ ಕಾಲೊರಸು, ಧೂಳು ಒರಸುವ ಬಟ್ಟೆ. ಅದೂ ಚಿಂದಿಯಾದರೆ ಕುಟ್ಟಿ ಮಣ್ಣಿನಲ್ಲಿ ಕಲಸಿ ನೆಲಕ್ಕೆ ಮೆತ್ತುತ್ತೇವೆ. ರಾಜ ಸಂತೋಷಪಟ್ಟು ಇನ್ನೂ ಐನೂರು ಕೊಟ್ಟ.

ಗಮನಿಸಿ, ಆನಂದರು ಐನೂರನ್ನೂ ತೆಗೆದುಕೊಂಡರು. ಬೇಕಾದಷ್ಟು ಸಿಕ್ಕಿದ್ದು ತಪ್ಪಾಗಲಿಲ್ಲ. ಆದರೆ ಪ್ರತಿ ತುಂಡು ಎಲ್ಲಿಗೆ ಹೋಗುತ್ತದೆ ಎಂದು ರಾಜ ಕೇಳಿದಾಗ ಅವರ ಬಳಿ ಉತ್ತರವಿತ್ತು. ಮೀಟಿಂಗಿನಲ್ಲಿ ನನ್ನ ಬಳಿ ಇರಲಿಲ್ಲ.

*ಈಗ*

ಆ ನಾಲ್ಕು ಭಾನುವಾರದ ಕೆಲಸವನ್ನು ಆಫೀಸಿನಲ್ಲಿ ತೋರಿಸಿದೆ. “ಚೆನ್ನಾಗಿದೆ, ಆದ್ರೆ ತಡವಾಯ್ತು” ಎಂದರು. ನಿಜವೇ. ಮೀಟಿಂಗಿನಲ್ಲಿ ನಾನು ಹೇಳಿದ್ದು ತಪ್ಪು ಎಂದೂ ಅಲ್ಲೇ ಒಪ್ಪಿಕೊಂಡೆ. ಆಮೇಲೆ ಅರಸೀಕೆರೆಗೆ ಹೋದೆ. ಮಾವನ ಹತ್ತಿರವೂ ಹೇಳಿದೆ. “ನಾನು ನೋಡ್ದೇ ಹೇಳ್ಬಿಟ್ಟೆ ಮಾವ, ತಪ್ಪಾಯ್ತು.” ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಎಳನೀರು ಕುಡಿ” ಅಂದರು.

ಹಳೇ ಡಬ್ಬಿ ಪಂಪ್‌ಹೌಸಿನ ಮೊಳೆಗೆ ಇನ್ನೂ ನೇತುಹಾಕಿತ್ತು. ಬಿಸಾಡಿರಲಿಲ್ಲ. ಸರ್ವರ್ ಬೇಡದ ಒಂದು ಸಣ್ಣ ಪ್ರೋಗ್ರಾಂ ಬರೆದು ಅದಕ್ಕೆ ಹಾಕಿದೆ. ಈಗ ಅದು ಮನೆ ಹಿಂದಿನ ಸಂಪಿನ ಮೋಟರಿಗೆ ಕಾವಲು. ಮೇಲಿನ ಟ್ಯಾಂಕು ತುಂಬಿದರೆ ಆರಿಸುತ್ತದೆ. ಒಂದು ಡಬ್ಬಿ ಕಾಲೊರಸಾಗಿಯಾದರೂ ಬಾಳುತ್ತಿದೆ. ಉಳಿದ ನಾಲ್ಕು ಸಾವಿರ ಎಲ್ಲಿವೆಯೋ. ಇದನ್ನು ಬರೆದು ನಾನು ಹಗುರಾಗಲು ನೋಡುತ್ತಿಲ್ಲ.

ಈಗ ನನ್ನ ಕೈಕೆಳಗೆ ಇಬ್ಬರು ಹುಡುಗರು, ಒಬ್ಬಳು ಹುಡುಗಿ ಕೆಲಸ ಕಲಿಯುತ್ತಿದ್ದಾರೆ. ಪ್ರತಿ ಶುಕ್ರವಾರ ಒಟ್ಟಿಗೆ ಕೂತು ಮ್ಯಾಪ್ ಫೈಲ್ ಓದುತ್ತೇವೆ. ನನ್ನ ಬಾಯಲ್ಲಿ ಆ ಹಿರಿಯರ ಮಾತೇ ಬರುತ್ತದೆ: “ಇದರಲ್ಲಿ ಏನೇನು ತೆಗೀಬಹುದು?” ಅವರಿಗೆ ಅದು ಜುಗ್ಗತನ ಅನಿಸುತ್ತಿರಬಹುದು. ಅನಿಸಲಿ. ಜೊತೆಗೆ ನಾನು ಇನ್ನೊಂದು ಪ್ರಶ್ನೆ ಸೇರಿಸಿದ್ದೇನೆ: “ಇದು ಯಾರಿಗಾಗಿ ಇಲ್ಲಿದೆ?”

ನಿಮ್ಮಲ್ಲಿ ಹೆಚ್ಚಿನವರು ಪ್ರೋಗ್ರಾಂ ಬರೆಯುವವರಲ್ಲ. ಆದರೆ ನಮ್ಮೆಲ್ಲರ ಬಳಿಯೂ ಯಾವುದೋ ಒಂದು ಬೇಕಾದಷ್ಟು ಇದೆ. ಕೆಲವರಿಗೆ ದುಡ್ಡು, ಕೆಲವರಿಗೆ ಮಾತು, ಕೆಲವರಿಗೆ ಅಧಿಕಾರ, ನಲ್ಲಿಯಲ್ಲಿ ನೀರು.

*ಇಂದು ಜೊತೆಗಿಟ್ಟುಕೊಳ್ಳಲು ಒಂದು ಪ್ರಶ್ನೆ:* ನನಗೆ ಬೇಕಾದಷ್ಟು ಇರುವುದರಿಂದ ನಾನು ನೋಡುವುದನ್ನೇ ಬಿಟ್ಟಿರುವುದು ಯಾವುದನ್ನು? ಅದರ ಬಿಲ್ಲು ಯಾರ ಮನೆಗೆ ಹೋಗುತ್ತಿದೆ?

ಸಂಜೆ ಐದು ನಿಮಿಷ ಕೂತು ಇದನ್ನು ನೋಡೋಣ. ಹೊಳೆದದ್ದನ್ನು ಭಾನುವಾರ ಹಂಚಿಕೊಳ್ಳಿ.

ಎಲ್ಲ ಜೀವಿಗಳೂ ಸುಖವಾಗಿರಲಿ. 🙏